ನಲವತ್ತೊಂದು ದಿನದ ಗೈರುಹಾಜರಿ

ದ್ವೀಪರಾಷ್ಟ್ರ ವನುವಾಟುವಿನ ಬಂದರು ಪಟ್ಟಣದ ಸರ್ಕಾರಿ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಗರಾಯ್ ಮೇಷ್ಟ್ರಿಗೆ, ತಮ್ಮ ಮುಂದಿದ್ದ ನರ್ಸ್ ಲೋಲೊವಿಯಾ ಹಾಗೂ ಗುಮಾಸ್ತ ಮೋಲಿಯ ಮಾತು ಕಿವಿಗೆ ಬಿತ್ತು.

“ಮೂವತ್ತು ದಿನ ಹೇಳದೆ ಕೇಳದೆ ಗೈರಾದ್ರೆ ಕೆಲಸ ಬಿಟ್ಟ ಹಾಗೇ ಲೆಕ್ಕ, ಸಿಸ್ಟರ್. ನಲವತ್ತೊಂದು ದಿನ ಎಲ್ಲಿದ್ರಿ?”

“ನಮ್ಮ ದ್ವೀಪದ ಆಸ್ಪತ್ರೇಲೇ ಇದ್ದೆ.”

“ಬೆಂಕಿಬೆಟ್ಟ ಸಿಡಿದಾಗ ದ್ವೀಪಾನೇ ಖಾಲಿ ಮಾಡಿಸಿದ್ರಲ್ಲ!”

“ಕೊನೇ ಹಡಗು ಹೊರಡೋ ಹೊತ್ತಿಗೆ ನಮ್ಮೂರಿನ ಬಸುರಿ ಲೀಮಾಸ್‌ಗೆ ಹೆರಿಗೆ ನೋವು ಬಂತು. ಹಡಗು ಕಾಯಲಿಲ್ಲ. ಅವಳನ್ನ ಬಿಟ್ಟು ಹ್ಯಾಗೆ ಹತ್ತಲಿ?”

“ಆ ಬೂದಿ ಮಳೇಲಿ ನೀವಿಬ್ರೇನಾ?”

“ಬೆಳಗಾಗೋದ್ರೊಳಗೆ ಮೂವರಾದ್ವಿ.”

“ಹೊಟ್ಟೆಗೇನು ಮಾಡಿದ್ರಿ?”

“ಬೂದಿ ಸರಿಸಿ ಕೆಸುವಿನ ಗೆಡ್ಡೆ ಕಿತ್ತು ಬೇಯಿಸ್ತಿದ್ದೆ. ಕುಡಿಯೋಕೆ ಎಳನೀರು. ಮೊನ್ನೆ ದೋಣಿ ಬರೋವರೆಗೂ ಅಷ್ಟೇ.”

“ಮಗು?”

“ಹೊರಗೆ ಲೀಮಾಸ್ ಹಾಲು ಕುಡಿಸ್ತಾ ಕೂತಿದ್ದಾಳೆ. ರಜೆ ಅರ್ಜಿ ಬರೆದುಕೊಡ್ಲಾ, ಅಣ್ಣ?”

ಮೋಲಿ ಎದ್ದು ನಿಂತ.

“ರಜೆ ಯಾಕಮ್ಮಾ? ನಾನೂ ಆ ದ್ವೀಪದವನೇ, ಮೊದಲನೇ ಹಡಗಿಗೇ ಹತ್ತಿ ಬಂದೋನು. ಅಲ್ಲಿ ಡ್ಯೂಟಿ ಮೇಲಿದ್ದೋರು ನೀವೊಬ್ರೇ.”

ಅವನು ಕಡತದಲ್ಲಿ ‘ಗೈರು’ ಹೊಡೆದುಹಾಕಿ ‘ಹಾಜರು’ ಎಂದು ಬರೆದು, ಸಹಿಗಾಗಿ ಅವಳನ್ನು ಸಾಹೇಬರ ಕೋಣೆಗೆ ಕರೆದೊಯ್ದ. ಸಾಲಿನಲ್ಲಿದ್ದವರೆಲ್ಲ ದಾರಿ ಬಿಟ್ಟರು. ಗರಾಯ್ ಮೇಷ್ಟ್ರು ತಮಗೇ ಗೊತ್ತಿಲ್ಲದಂತೆ ಟೋಪಿ ತೆಗೆದಿದ್ದರು.