ತುತ್ತೂರಿಗಾರನ ಉಸಿರು

ಸ್ಯಾನ್ ಆಂಟೋನಿಯೋದ ಕ್ಲಿನಿಕ್ಕಿನಲ್ಲಿ ಮಂಡಿನೋವು ತೋರಿಸಲು ಬಂದ ಒಫೀಲಿಯಾಳ ಕಣ್ಣು ಪತ್ರಿಕೆಯ ಮೇಲಿತ್ತು, ಕಿವಿ ಹಿಂದಿನ ಸಾಲಿನಲ್ಲಿತ್ತು. ಅಲ್ಲಿ ಮರಿಯಾಚಿ ಎಂಬ ಮೆಕ್ಸಿಕನ್ ವಾದ್ಯಮೇಳದ ತುತ್ತೂರಿಗಾರ ಎವರಿಸ್ಟೊ ಹೆಂಡತಿ ಚೇಲೊಳ ಪಕ್ಕ ನೆಟ್ಟಗೆ ಕೂತಿದ್ದ.

“ಶ್ವಾಸಕೋಶ ಕೆಟ್ಟಿದ್ರೆ ಶನಿವಾರ ಮೊಮ್ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ಊದೋರ್ಯಾರೇ, ಮುದ್ಕಿ?”

“ಈಗ್ಲೇ ಅಳಬೇಡ. ಮೆಟ್ಲು ಹತ್ತಿದ್ರೆ ಉಸಿರು ಕಟ್ಟುತ್ತಾ?”

“ಇಲ್ಲ.”

“ಮನೇಲಿ ಊದೋವಾಗ?”

“ಇಲ್ಲ. ಮೇಳದಲ್ಲಿ ಮಾತ್ರ. ಎರಡನೇ ಹಾಡಿಗೇ ಕಣ್ಣು ಕತ್ತಲೆ ಬರುತ್ತೆ.”

“ಮನೇಲಿ ಬರೀ ಬನಿಯನ್ ಹಾಕ್ಕೋತೀಯ. ಮೇಳಕ್ಕೆ ನಮ್ಮ ಮದುವೆ ಕಾಲದ ಸೂಟು.”

“ಇವತ್ತಿಗೂ ಸರಿಯಾಗಿ ಕೂರುತ್ತೆ!”

“ಅದೇ ನಂಗೂ ಆಶ್ಚರ್ಯ. ಈ ಹೊಟ್ಟೆ ಎಲ್ಲಿ ಹೋಗುತ್ತೆ?”

ಎವರಿಸ್ಟೊ ದನಿ ತಗ್ಗಿಸಿದ.

“ಪಟ್ಟಿ ಕಟ್ಕೋತೀನಿ. ನಿನ್ನ ಹೆರಿಗೆ ಆದ್ಮೇಲೆ ನಿಮ್ಮಮ್ಮ ಹೊಟ್ಟೆಗೆ ಕಟ್ತಿದ್ರಲ್ಲ, ಅದು.”

ಒಫೀಲಿಯಾ ಪತ್ರಿಕೆಯನ್ನು ಮುಖಕ್ಕೆ ಒತ್ತಿಕೊಂಡಳು.

“ಅಯ್ಯೋ ಮರಿಯಮ್ಮ ತಾಯಿ! ನಾಲ್ಕು ಹೆತ್ತ ನಂಗೇ ಅದು ಒಂದು ವಾರಕ್ಕೆ ಸಾಕಾಗಿತ್ತು!”

“ಮೆಲ್ಲಗೆ ಮಾತಾಡೇ. ಆ ಹೊಸ ಗಿಟಾರಿನವನು ಕಡ್ಡಿ ಇದ್ದಂಗಿದಾನೆ. ಅವನ ಪಕ್ಕ ನಾನು ನಿಲ್ಲಬೇಕು.”

“ಆ ಸೂಟಿನ ಹೊಲಿಗೆ ಇವತ್ತೇ ಬಿಡಿಸ್ತೀನಿ. ಶನಿವಾರ ನೀನೇ ಊದ್ತೀಯ. ಆದ್ರೂ ಬಂದಾಗಿದೆ, ಎದೆ ತೋರಿಸ್ಕೊಂಡೇ ಹೋಗೋಣ.”

ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದಳು. “ಎವರಿಸ್ಟೊ ಅವರೇ, ಒಳಗೆ ಬಂದು ಅಂಗಿ ಬಿಚ್ಚಿ.”

ಅವನು ಏಳಲಿಲ್ಲ.

“ಮುದ್ಕಿ, ಈಗ್ಲೂ ಆ ಪಟ್ಟಿ ಕಟ್ಕೊಂಡಿದೀನಿ. ಡಾಕ್ಟ್ರಿಗೆ ಹೊಟ್ಟೆ ಕಾಣಬಾರದು ಅಂತ.”

ಚೇಲೊ ನಗುವಿನ ಭರಕ್ಕೆ ಕುರ್ಚಿ ಹಿಡಿದುಕೊಂಡು ಎದ್ದು, ಅವನ ತೋಳಿಗೆ ಕೈಹಾಕಿ ಒಳಗೆ ನಡೆಸಿದಳು.

“ನಡಿ. ಆ ಗಂಟು ಡಾಕ್ಟ್ರು ಒಬ್ರಿಂದ್ಲೇ ಬಿಚ್ಚೋಕಾಗಲ್ಲ.”