ಬಾವಿಗೆ ಬಿದ್ದ ಕೋಳಿ

ಒಂದೂರು, ಅಲ್ಲೊಬ್ಬ ಹುಡುಗಿ. ಮೇಘಶ್ರೀ ಎಂದಿಟ್ಟುಕೊಳ್ಳಿ. ಮಾತು ಕಡಿಮೆ, ಹಠ ಜಾಸ್ತಿ. ಡಿಗ್ರಿ ಮುಗಿದಿತ್ತು, ವಿಡಿಯೋ ಗೇಮ್ ಮಾಡುವ ಕಂಪನಿಗೇ ಸೇರಬೇಕು. ಹೋದಲ್ಲೆಲ್ಲ ಅನುಭವ ಕೇಳಿದರು. ಒಂದು ಕಂಪನಿಯ ಹಿರಿಯರು ಮಾತ್ರ, "ಚಿಕ್ಕದೊಂದು ಆಟ ಮಾಡ್ಕೊಂಡು ಬಾಮ್ಮ. ಗುರುತಿಲ್ಲದವರ ಕೈಲಿ ಆಡಿಸ್ತೀವಿ. ಅವರು ಆಡೋವಾಗ ನೀನು ಬಾಯಿ ಬಿಡೋ ಹಾಗಿಲ್ಲ," ಎಂದರು.

ಸಂತೆಯಿಂದ ತಪ್ಪಿಸಿಕೊಂಡ ಕೋಳಿಯನ್ನು ದಾರಿಯ ಬಾವಿ, ಬೇಲಿ ದಾಟಿಸಿ ಮನೆ ಮುಟ್ಟಿಸುವ ಆಟ ಮಾಡಿದಳು. ಯಾರಿಗೂ ತೋರಿಸಲಿಲ್ಲ. ಏಕೆ? ನಕ್ಕರೆ ಎಂಬ ಭಯ, ನೋಡಿ. ತಾನೇ ಆಡಿದಳು, ತಾನೇ ಗೆದ್ದಳು. ದಾರಿ ಹಾಕಿದವಳೇ ನಡೆದರೆ ಎಡವುವುದು ಹೇಗೆ?

ಕಂಪನಿಗೆ ಹೊರಡುವ ಮುನ್ನಾದಿನ ಅವಳಿಗೇ ಅನ್ನಿಸಿತು: ಮನೆಯವರಿಗೆ ತೋರಿಸಲಾರದವಳು ಹೊರಗಿನವರ ಮುಂದೆ ಹೇಗೆ ನಿಲ್ಲಲಿ? ಮನಸ್ಸು ಗಟ್ಟಿಮಾಡಿ ಸೋದರತ್ತೆಯ ಕೈಗೆ ಮೊಬೈಲ್ ಕೊಟ್ಟಳು. ಅತ್ತೆ ಕೋಳಿಯನ್ನು ನೆಟ್ಟಗೆ ಬಾವಿಗೆ ಇಳಿಸಿದರು. ಮತ್ತೆ ಆಡಿದರು. ಮತ್ತೆ ಬಾವಿಗೇ.

"ಅತ್ತೆ, ಅದು..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಏನೇ ಇದು, ನೆರಳಲ್ಲಿ ನಿಲ್ಲಿಸಿದ್ರೂ ಸಾಯುತ್ತಲ್ಲೇ ನಿನ್ನ ಕೋಳಿ?"

ನೆರಳು. ಅವಳು ಬರೆದ ಕಪ್ಪು ಬಾವಿ ಅತ್ತೆಯ ಕಣ್ಣಿಗೆ ಮರದ ನೆರಳು. ಬಿಸಿಲಲ್ಲಿ ಓಡಿಬಂದ ಕೋಳಿಯನ್ನು ಯಾರಾದರೂ ನೆರಳಿಗೆ ತಾನೆ ಬಿಡುವುದು? ಮೊದಲು ಸಿಟ್ಟು ಬಂತು, ಆಮೇಲೆ ಅಳು. ಎರಡನ್ನೂ ನುಂಗಿಕೊಂಡಳು.

"ಇನ್ನೊಂದ್ಸಲ ಆಡಿ ಅತ್ತೆ. ನಾನು ಮಾತಾಡಲ್ಲ."

"ಹುಟ್ಟಿದಾಗಿಂದ ಯಾವತ್ತು ಮಾತಾಡಿದ್ದೀಯೇ ನೀನು?"

ಅಂದು ರಾತ್ರಿಯೇ ಆಟದ ಬಾವಿಗೆ ಕಟ್ಟೆ ಕಟ್ಟಿದಳು, ರಾಟೆ ಹಗ್ಗ ಬರೆದಳು. ಮರುದಿನ ಕಂಪನಿಯಲ್ಲಿ ಆಡಿದವನು ಬಾವಿ ದಾಟಿದ. ಬೇಲಿಯ ಹತ್ತಿರ ಸಿಕ್ಕಿಕೊಂಡ. ಕೋಳಿ ನುಸುಳುವ ಸಂದು ಅಲ್ಲೇ ಇದೆ. ಒಂದು ಮಾತು ಹೇಳಿದರೆ ಸಾಕು, ಕೋಳಿ ಪಾರು. ಹೇಳಿದರೆ ಕೆಲಸ ಹೋಯಿತು. ಹುಡುಗಿ ಅವನ ಬೆರಳನ್ನೇ ನೋಡುತ್ತ ನಿಂತಳು.

"ಸೋತರಲ್ಲಮ್ಮ?" ಎಂದರು ಹಿರಿಯರು.

"ಅವರು ಸೋತಿದ್ದಲ್ಲ ಸರ್. ಸಂದು ಕಾಣೋ ಹಾಗೆ ನಾನು ಬರೆದಿಲ್ಲ. ಇಲ್ಲೇ ಕೂತು ಸಂಜೆಯೊಳಗೆ ಸರಿಮಾಡ್ತೀನಿ."

ಅವರು ಒಂದು ಕುರ್ಚಿ ತೋರಿಸಿದರು. ಆ ಕುರ್ಚಿ ಅವಳದಾಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ನೀವು ಹೇಳಿಕೊಟ್ಟದ್ದು ಮಗನಿಗೆ ಅರ್ಥವಾಗದಿದ್ದರೆ ಯಾರನ್ನು ದಡ್ಡ ಎನ್ನುತ್ತೀರಿ? ಹೇಳಿದ ಕೆಲಸ ಸೊಸೆ ತಪ್ಪಿದರೆ ಅವಳಿಗೆ ಕಿವಿಯಿಲ್ಲ ಎನ್ನುತ್ತೀರಿ. ನೀವು ಹೇಳಿದ ರೀತಿಯನ್ನು ಒಮ್ಮೆಯಾದರೂ ನೋಡಿಕೊಂಡಿರಾ? ಇನ್ನು ಕೆಲವರು, ಯಾರಾದರೂ ನಕ್ಕಾರು ಎಂದು ಮಾಡಿದ್ದನ್ನೆಲ್ಲ ಮುಚ್ಚಿಟ್ಟುಕೊಂಡೇ ಮುದುಕರಾಗುತ್ತೀರಿ. ಬೇಡ. ನಾಳೆ ಬೆಳಿಗ್ಗೆ ಅದನ್ನು ಒಬ್ಬರ ಮುಂದೆ ಇಡಿ. ಅವರು ಎಡವಿದರೆ ವಾದಕ್ಕೆ ನಿಲ್ಲಬೇಡಿ, ಎಲ್ಲಿ ಎಡವಿದರು ನೋಡಿ. ತಿದ್ದಿ. ಮತ್ತೆ ಅವರ ಮುಂದೆಯೇ ಇಡಿ.