ಶನಿವಾರ ಸುಮ್ಮನಿರುವ ಹೊಳೆ

ಇದು ನಮ್ಮ ಪಕ್ಕದ ಬ್ಲಾಕಿನ ಸುಕೇಶನಿಗೆ ಆದದ್ದು. ಉಡುಪಿಯವನು, ಇಲ್ಲಿ ಸಿಂಗಾಪುರದ ಕಾಕಿ ಬುಕಿತ್‌ನ ಗೋಡೌನೊಂದರಲ್ಲಿ ಸೂಪರ್‌ವೈಸರ್. ಸುಳ್ಳು ಕಟ್ಟುವಷ್ಟು ಕಲ್ಪನೆ ಇರುವ ಮನುಷ್ಯನಲ್ಲ.

ಹೆಂಡತಿ ಜ್ಯೋತ್ಸ್ನಾ ತೀರಿಕೊಂಡು ನಲವತ್ತು ದಿನವಾಗಿತ್ತು. ಬೇಗ ಬನ್ನಿ ಅಂತ ಆಸ್ಪತ್ರೆಯಿಂದ ಫೋನ್ ಬಂದಾಗ, ನಿಂತಿದ್ದ ಒಂದು ಲಾರಿ ಅನ್‌ಲೋಡ್ ಮಾಡಿಸಿಯೇ ಹೊರಟಿದ್ದ. ತಲುಪುವಾಗ ಇಪ್ಪತ್ತು ನಿಮಿಷ ತಡ. ಲಾರಿಯಲ್ಲಿದ್ದದ್ದು ಪ್ಲಾಸ್ಟಿಕ್ ಬಕೆಟ್.

ಒಂದು ಬುಧವಾರ ರಾತ್ರಿ ಬಿಶಾನ್ ಪಾರ್ಕಿನ ಆಲದ ಮರ ದಾಟಿ ಮನೆಗೆ ನಡೆಯುತ್ತಿದ್ದ. ಹೊಳೆಯ ಕಡೆಯಿಂದ ಸದ್ದು... ಗಡ ಗಡ... ಗಡ ಗಡ... ಬಂಡೆಗೆ ಬಂಡೆ ಉಜ್ಜುವ ಸದ್ದು. ಅಲ್ಲಿರುವುದು ಮೊಣಕಾಲು ಮುಟ್ಟದ ನೀರು. ಆಚೆ ದಡದಲ್ಲಿ ಯಾರೋ ನಿಂತಿದ್ದರು. ಬ್ಯಾಗು ಹೊತ್ತು ಹೊತ್ತು ತಗ್ಗಿದ ಎಡಭುಜ... ಸುಕೇಶನಿಗೆ ಗುರುತು ಸಿಕ್ಕಿತು. ಕೂಗಿದ. ಅವಳ ಬಾಯಿ ಆಡಿತು. ಮಾತು ಕಲ್ಲಿನ ಸದ್ದಿನಲ್ಲಿ ಮುಳುಗಿತು.

ಬೆಳಿಗ್ಗೆ ಲಿಫ್ಟಿನಲ್ಲಿ ಎದುರುಮನೆಯ ಎಜ್ರಾ ಅಂಕಲ್‌ಗೆ ಹೇಳಿದ. ಅಂಕಲ್ ಯೆಹೂದಿ, ಎಂಬತ್ತು ವರ್ಷ, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವವರು. ನಗಲಿಲ್ಲ.

“ಸಂಬಾತ್ಯೋನ್,” ಎಂದು ಪಿಸುಗುಟ್ಟಿದರು. “ನಮ್ಮಜ್ಜ ಹೇಳ್ತಿದ್ದ ಹೊಳೆ. ಆರು ದಿನ ಕಲ್ಲು ಉರುಳಿಸುತ್ತೆ, ದಾಟೋಕಾಗಲ್ಲ. ಶನಿವಾರ, ನಮ್ಮ ಸಬ್ಬತ್ ದಿನ, ಸುಮ್ಮನಿರುತ್ತೆ. ಕಳೆದುಹೋದ ನಮ್ಮ ಜನ ಆಚೆ ಇದ್ದಾರಂತೆ.”

“ಶನಿವಾರ ದಾಟಬಹುದಾ ಅಂಕಲ್?”

“ನಮಗೆ ಅವತ್ತು ಪ್ರಯಾಣ ಮಾಡೋ ಹಾಗಿಲ್ಲ. ನಿನಗೇನು ಲಾ, ನೀನು ಉಡುಪಿ.”

ಆ ಶನಿವಾರ ಓವರ್‌ಟೈಮ್ ಇತ್ತು. ಸುಕೇಶ ರಜೆ ಕೇಳಲಿಲ್ಲ. ರಾತ್ರಿ ಹನ್ನೆರಡರವರೆಗೂ ಶನಿವಾರವೇ ತಾನೆ? ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಬಸ್ಸಿಳಿದು ಮಲ್ಲಿಗೆಯನ್ನೂ ಕೊಂಡ. ಎಂಟೂಕಾಲಿಗೆ ಆಲದ ಮರದ ಹತ್ತಿರ ಬಂದ.

ಗಡ ಗಡ... ಗಡ ಗಡ...

ಅವಳು ಅಲ್ಲೇ ಇದ್ದಳು. ಎರಡು ಬಂಡೆಗಳ ನಡುವೆ ಒಂದು ಕ್ಷಣ ಬಿಡುವು ಸಿಕ್ಕಿತು.

“ಬಂದ್ರಾ...”

“ಜ್ಯೋ... ಶನಿವಾರ ಅಂದಿದ್ರು. ಇವತ್ತು ಶನಿವಾರಾನೇ...”

“ನಿನ್ನೆ ಸಂಜೆಯಿಂದ ನಿಂತಿದ್ದೀನಿ. ಸುಮ್ಮನಿತ್ತು. ಈಗ ಶುರುವಾಯ್ತು.”

“ಎಷ್ಟು ಹೊತ್ತಾಯ್ತು?”

“ಇಪ್ಪತ್ತು ನಿಮಿಷ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಸುಕೇಶ. ಮತ್ತೆ ಕಲ್ಲು ಉರುಳಿದವು... ಆಚೆ ದಡ ಖಾಲಿ.

“ನಮ್ಮ ದಿನ ಸೂರ್ಯ ಮುಳುಗಿದಾಗ ಶುರು ಲಾ,” ಅಂದರು ಮರುದಿನ ಎಜ್ರಾ ಅಂಕಲ್. “ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗೋವರೆಗೆ. ನಾನು ಹೇಳಲಿಲ್ವಾ?”

ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ಸುಕೇಶನಿಗೆ ಯಾವ ಲಾರಿಯೂ ಅರ್ಜೆಂಟಲ್ಲ. ಪ್ರತಿ ಶುಕ್ರವಾರ ಐದಕ್ಕೇ ಬಂದು ಕೂರುತ್ತಾನೆ. ಸೂರ್ಯ ಮುಳುಗುತ್ತಾನೆ, ಹೊಳೆ ಸುಮ್ಮನಾಗುತ್ತದೆ. ಪ್ಯಾಂಟು ಮಡಚಿ ದಾಟುತ್ತಾನೆ. ಆಚೆ ಯಾರೂ ಇರುವುದಿಲ್ಲ.

ಹುಲ್ಲು ಮಾತ್ರ ಒಂದು ಕಡೆ ಹಳದಿಯಾಗಿದೆ, ಎರಡು ಪಾದದಷ್ಟು. ಎಡಪಾದದ ಗುರುತು ಸ್ವಲ್ಪ ಆಳ. ಇದು ನಡೆದದ್ದೇ. ಪಾರ್ಕಿನವರು ಎರಡು ಸಲ ಹೊಸ ಹುಲ್ಲು ಹಾಕಿದರು, ಎರಡು ಸಲವೂ ಅದೇ ಜಾಗ ಮತ್ತೆ ಹಳದಿಯಾಯಿತು. ಮೊನ್ನೆ ಭಾನುವಾರ ಬೆಳಿಗ್ಗೆ ಮೂರನೇ ಸಲ ಹಾಕುತ್ತಿದ್ದರು.